ಚಿರೆಕಲ್ಲಿನ ಗೋಡೆಯಿಂದ ಅಡಿಗೆಮನೆಯ ಕಪಾಟು ಹೊರಬರುತ್ತಿದೆ, ಮಟ್ಟವೂ ತಪ್ಪಿದೆ. ಬಲ್ಲವರು ಹೇಳಿ

ಕೋಡಿಬಾಗದವಳು (ಕಾರವಾರ)

ನಮ್ಮದು ಇಪ್ಪತ್ತು ವರ್ಷಕ್ಕೂ ಹಳೆಯ ಚಿರೆಕಲ್ಲಿನ ಮನೆ. ಮೂರು ವರ್ಷದ ಹಿಂದೆ ಅಡಿಗೆ ಕಟ್ಟೆಯ ಮೇಲ್ಗಡೆ ಮೂರು ಕಪಾಟು ತೂಗುಹಾಕಿಸಿದೆವು. ಒಂದೊಂದೂ ಮೂರು ಅಡಿ ಅಗಲ, ಎರಡು ಅಡಿ ಎತ್ತರ, ಒಂದು ಅಡಿ ಆಳ. ಈ ಮಳೆಗಾಲದಲ್ಲಿ ನಡುವಿನ ಕಪಾಟಿನ ಎಡಮೂಲೆ ಅರ್ಧ ಬೆರಳಷ್ಟು ಇಳಿದಿದೆ. ಮೇಲಂಚು ಗೋಡೆಯಿಂದ ಬಿಟ್ಟುಕೊಂಡಿದೆ, ಸಂದಿಯಲ್ಲಿ ಐದು ರೂಪಾಯಿಯ ನಾಣ್ಯ ಸಲೀಸಾಗಿ ಇಳಿಯುತ್ತದೆ. ಬಾಗಿಲು ಮುಚ್ಚಿ ಈ ಕಡೆ ತಿರುಗುವುದರೊಳಗೆ ತಾನಾಗಿ ತೆರೆದುಕೊಳ್ಳುತ್ತದೆ. ಕೂರಿಸಿಕೊಟ್ಟವರು ಈಗ ಕರೆ ಎತ್ತುವುದಿಲ್ಲ.

ಇನ್ನೊಂದು ಒಗಟು. ಕಟ್ಟೆಯಿಂದ ಮೇಲಕ್ಕೆ ಅಳೆದರೆ ಉಳಿದೆರಡು ಕಪಾಟುಗಳೂ ಸರಿಯಾಗಿ ಎರಡೆರಡು ಅಡಿ ಎತ್ತರದಲ್ಲಿವೆ. ಆದರೂ ಬಾಗಿಲಿನಿಂದ ನೋಡಿದರೆ ಇಡೀ ಸಾಲು ಸಿಂಕಿನ ಕಡೆಗೆ ವಾಲಿದಂತೆ ಕಾಣುತ್ತದೆ. ಕಣ್ಣಿನ ದೋಷವೋ, ಕಪಾಟಿನ ದೋಷವೋ? ಚೌತಿಗೆ ಮನೆ ತುಂಬ ಜನ ಬರುತ್ತಾರೆ, ಅಷ್ಟರೊಳಗೆ ಸರಿಯಾಗಬೇಕು.

ಕುಮಟೆಯ ಆಚಾರಿ

ತಂಗಿ, ಓದುವುದನ್ನು ನಿಲ್ಲಿಸಿ ಮೊದಲು ಕಪಾಟನ್ನು ಖಾಲಿ ಮಾಡು. ಆಮೇಲೆ ಕಟ್ಟೆಯಿಂದ ಕಪಾಟಿನ ತಳಕ್ಕೆ ಸರಿಹೊಂದುವ ಎರಡು ರೀಪಿನ ತುಂಡು ಕತ್ತರಿಸಿ ಊರುಗೋಲು ಕೊಡು. ಮೇಲಂಚು ಒಮ್ಮೆ ಬಿಟ್ಟ ಕಪಾಟು ನಾಳೆ ಬೀಳುತ್ತದೋ, ಮುಂದಿನ ವರ್ಷವೋ, ಹೇಳಲು ಬರುವುದಿಲ್ಲ. ಅದರ ಕೆಳಗೆ ಒಲೆಯ ಮುಂದೆ ನಿಲ್ಲುವವರ ತಲೆ ಇರುತ್ತದೆ.

ಖಾಲಿಯಾದ ಮೇಲೆ ಮೇಲಿನ ಒಂದು ತಿರುಪು ಬಿಚ್ಚಿ ಎಷ್ಟು ಉದ್ದವಿದೆ, ಯಾವ ಬಣ್ಣದ್ದು, ಅದರ ಜೊತೆ ಬಂದ ಪುಡಿ ಯಾವ ಬಣ್ಣದ್ದು ಎಂದು ನೋಡಿ ತಿಳಿಸು. ಉಳಿದದ್ದನ್ನು ಆಮೇಲೆ ಮಾತಾಡೋಣ.

ಕೋಡಿಬಾಗದವಳು

ಬಿಚ್ಚಿದೆ ಅಣ್ಣಾ. ಬಿಚ್ಚಿದೆ ಎನ್ನುವುದಕ್ಕಿಂತ ಕೈಗೇ ಬಂತು. ಕಪ್ಪು ಬಣ್ಣದ ಸಪೂರ ತಿರುಪು, ಒಂದೂವರೆ ಇಂಚು. ಪ್ಲಾಸ್ಟಿಕ್ ಪ್ಲಗ್ ಅದರ ಜೊತೆಗೇ ಹೊರಬಂತು. ಪುಡಿ ಬೂದು ಬಣ್ಣ. ಒಂದು ತಿರುಪಿನ ತಲೆ ಮಾತ್ರ ಉಳಿದಿದೆ, ಕುತ್ತಿಗೆಯಲ್ಲಿ ಮುರಿದಿದೆ.

ಕುಮಟೆಯ ಆಚಾರಿ

ಅಲ್ಲಿಗೆ ಉತ್ತರ ಸಿಕ್ಕಿತು. ಚಿರೆಕಲ್ಲಿನ ಗೋಡೆಗೆ ತೂತು ಕೊರೆಯುವಾಗ ಮೊದಲು ಬೂದು ಪುಡಿ ಬರುತ್ತದೆ, ಅದು ಪ್ಲಾಸ್ಟರ್. ನಂತರ ಕೆಂಪು ಪುಡಿ ಬರಬೇಕು, ಅದು ಕಲ್ಲು. ನಿಮ್ಮ ಮನೆಯಲ್ಲಿ ಕೆಂಪು ಪುಡಿ ಬರುವ ಮೊದಲೇ ಡ್ರಿಲ್ ನಿಲ್ಲಿಸಿದ್ದಾರೆ. ಮೂರು ವರ್ಷ ಆ ಕಪಾಟು ಪ್ಲಾಸ್ಟರಿನ ಸಿಪ್ಪೆಗೆ ಜೋತುಬಿದ್ದಿತ್ತು.

ಕಪ್ಪು ತಿರುಪು ಜಿಪ್ಸಮ್ ಹಲಗೆಗೆ ಬಳಸುವಂಥದ್ದು. ಗಟ್ಟಿ ಇರುತ್ತದೆ, ಆದರೆ ಬಾಗುವುದಿಲ್ಲ. ಅಡ್ಡ ಭಾರ ಬಿದ್ದರೆ ಕಟ್ಟೆಂದು ಮುರಿಯುತ್ತದೆ. ಭಾರ ತೂಗುವ ಕೆಲಸಕ್ಕೆ ಅದನ್ನು ಮುಟ್ಟಲೇಬಾರದು.

ನಿವೃತ್ತ ಓವರ್‌ಸಿಯರ್

ಆಚಾರಿಯವರ ರೋಗಪರೀಕ್ಷೆ ಸರಿ. ನಾನು ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಲೆಕ್ಕ ಬೇಡದವರು ಮುಂದಕ್ಕೆ ಹೋಗಬಹುದು.

18 ಮಿ.ಮೀ. ಪ್ಲೈವುಡ್ಡಿನಿಂದ ಮಾಡಿದ ಇಂಥ ಕಪಾಟು, ಬಾಗಿಲು ಮತ್ತು ಒಳಗಿನ ಒಂದು ಅಂತಸ್ತು ಸೇರಿ, ಖಾಲಿ ಇರುವಾಗಲೇ ಇಪ್ಪತ್ತೆರಡು ಕೆಜಿಯ ಹತ್ತಿರ ಬರುತ್ತದೆ. ನಮ್ಮ ಮನೆಗಳಲ್ಲಿ ಅದರೊಳಗೆ ಏನಿರುತ್ತದೆ ಎಂದು ಬೇರೆ ಹೇಳಬೇಕೇ? ಕುಚ್ಚಲಕ್ಕಿಯ ಡಬ್ಬಿ, ಜೋನಿಬೆಲ್ಲದ ಡಬ್ಬಿ, ಉಪ್ಪಿನಕಾಯಿಯ ಭರಣಿ, ಸ್ಟೀಲಿನ ಹರಿವಾಣಗಳು. ನಲವತ್ತೈದು ಕೆಜಿ ಎಂದಿಟ್ಟುಕೊಳ್ಳಿ. ಒಟ್ಟು ಅರವತ್ತೇಳು.

ಈ ಭಾರ ಎರಡು ರೀತಿ ಕೆಲಸ ಮಾಡುತ್ತದೆ. ಒಂದು, ನೇರ ಕೆಳಕ್ಕೆ: ತಿರುಪನ್ನು ಅಡ್ಡ ಕತ್ತರಿಸಲು ನೋಡುತ್ತದೆ. ಇನ್ನೊಂದು, ಮೇಲಂಚನ್ನು ಗೋಡೆಯಿಂದ ಹೊರಕ್ಕೆ ಎಳೆಯುತ್ತದೆ, ಏಕೆಂದರೆ ಕಪಾಟು ತನ್ನ ಕೆಳ ಅಂಚಿನ ಮೇಲೆ ಮುಂದಕ್ಕೆ ಮಗುಚಲು ಹವಣಿಸುತ್ತಿರುತ್ತದೆ. ಹೊರ ಎಳೆತ ಕಂಡುಹಿಡಿಯುವುದು ಸುಲಭ. ಕಪಾಟಿನ ಆಳದ ಅರ್ಧವನ್ನು, ಕೆಳ ಅಂಚಿನಿಂದ ಮೇಲಿನ ತಿರುಪಿನವರೆಗಿನ ಎತ್ತರದಿಂದ ಭಾಗಿಸಿ, ತೂಕದಿಂದ ಗುಣಿಸಿ. ನಿಮ್ಮದಕ್ಕೆ 150ನ್ನು 550ರಿಂದ ಭಾಗಿಸಿದರೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಹದಿನೆಂಟು ಕೆಜಿ.

ಇಷ್ಟೇನಾ ಎನ್ನಬೇಡಿ. ಅಟ್ಟದ ಹತ್ತಿರ ಒಂದೇ ಅಡಿ ಎತ್ತರ, ಒಂದೂವರೆ ಅಡಿ ಆಳದ ಗಿಡ್ಡ ಕಪಾಟು ಹಾಕಿಸುತ್ತಾರಲ್ಲ, ಅದಕ್ಕೆ ಇದೇ ಲೆಕ್ಕ ಮಾಡಿ. 225 ಭಾಗಿಸು 250. ತನ್ನ ತೂಕದ ಹೆಚ್ಚುಕಡಿಮೆ ಅಷ್ಟನ್ನೂ ಹೊರಕ್ಕೆ ಎಳೆಯುತ್ತದೆ! ಗಿಡ್ಡದ್ದು ಸುರಕ್ಷಿತ ಎಂದು ಜನ ಭಾವಿಸುತ್ತಾರೆ, ನಿಜಕ್ಕೂ ಗಿಡ್ಡ ಮತ್ತು ಆಳದ ಕಪಾಟೇ ಪುಂಡ. ಎತ್ತರದ, ತೆಳ್ಳಗಿನ ಕಪಾಟು ಸಾಧು.

ಕಲ್ಲಿನ ವಿಷಯ. ನಮ್ಮ ಜಿಲ್ಲೆಯಲ್ಲೂ 1801ರಲ್ಲಿ ಸುತ್ತಾಡಿದ್ದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಬಂದದ್ದು. ನೆಲದಿಂದ ತೆಗೆಯುವಾಗ ಕಡಿಯಲು ಮೆತ್ತಗೆ, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿ. ಆದರೆ ಎಲ್ಲ ಕಡೆ ಒಂದೇ ಸಮ ಗಟ್ಟಿಯಾಗುವುದಿಲ್ಲ. ಒಂದೇ ಕಲ್ಲಿನಲ್ಲಿ ಒಂದು ಕಡೆ ಕಬ್ಬಿಣದಂಥ ಗಂಟು, ಪಕ್ಕದಲ್ಲೇ ಜೇಡಿ ತುಂಬಿದ ಬಿಲ. ಆದ್ದರಿಂದ ಡ್ರಿಲ್ಲಿನ ಬಡಿತ ನಿಲ್ಲಿಸಿ, ಬರೀ ತಿರುಗುವಂತೆ ಮಾಡಿ ಕೊರೆಯಿರಿ. ಬಡಿದರೆ 10 ಮಿ.ಮೀ. ಬಿಟ್ಟಿನಿಂದ 13 ಮಿ.ಮೀ. ತೂತಾಗುತ್ತದೆ, ಆಮೇಲೆ ಪ್ಲಗ್ ಒಳಗೆ ಗಿರಗಿರ ತಿರುಗುತ್ತದೆ.

ಮಾಜಾಳಿ ಗಾಳಿ

ಭರಣಿಯನ್ನು ಮೇಲಿನ ಕಪಾಟಿನಲ್ಲಿ ಇಡುವ ಧೈರ್ಯ ಯಾರದ್ದು ಮಾರಾಯರೆ!

ಕೋಡಿಬಾಗದವಳು

ನಮ್ಮ ಆಯಿಯದ್ದು. ಒಂದಲ್ಲ, ಎರಡು ಭರಣಿ. ಕೆಳಗಿಟ್ಟರೆ ಒದ್ದೆ ಕೈಯಲ್ಲಿ ಯಾರಾದರೂ ಮುಟ್ಟುತ್ತಾರಂತೆ.

ಶಿರಸಿ ಹಳೆಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಶಿರಸಿಯಿಂದ ಒಳಗಿನ ಹಳ್ಳಿ, ಅಜ್ಜನ ಕಾಲದ ಮಣ್ಣಿನ ಗೋಡೆ, ಎರಡು ಅಡಿ ದಪ್ಪ. ಹಿಂದೆ ಗೋಡೆಯಲ್ಲೇ ಗೂಡು, ಮೇಲೆ ನಾಗಂದಿಗೆ (ಗೋಡೆಯಿಂದ ಚಾಚಿದ ಮರದ ಹಲಗೆ), ಅಷ್ಟರಲ್ಲೇ ಅಡಿಗೆಮನೆ ನಡೆಯುತ್ತಿತ್ತು. ಈಗ ಸೊಸೆಗೆ ಪೇಟೆಯ ರೀತಿಯ ಕಪಾಟು ಬೇಕು. ಗೋಡೆ ದಪ್ಪವಿದೆಯಲ್ಲ, ಉದ್ದನೆಯ ಬೋಲ್ಟ್ ಹೊಡೆದರೆ ತಡೆಯುವುದಿಲ್ಲವೇ?

ಕುಮಟೆಯ ಆಚಾರಿ

ತಡೆಯುವುದಿಲ್ಲ ಹೆಗಡೇರೆ (ಹೆಗಡೆಯವರೇ ಇರಬೇಕು ಎಂದು ಊಹಿಸಿದೆ, ಭಟ್ಟರಾದರೆ ತಪ್ಪು ತಿಳಿಯಬೇಡಿ). ಮಣ್ಣು ದಪ್ಪವಿದ್ದಷ್ಟೂ ಮನೆಯನ್ನು ಹೊರುತ್ತದೆ, ತಿರುಪನ್ನು ಹಿಡಿಯುವುದಿಲ್ಲ. ಹಿಗ್ಗುವ ಬೋಲ್ಟ್ ಒಳಗೆ ಹಿಗ್ಗಿದಷ್ಟೂ ಸುತ್ತಲ ಮಣ್ಣು ಪುಡಿಯಾಗುತ್ತದೆ.

ನಾಗಂದಿಗೆ ಹೇಗೆ ನಿಂತಿತ್ತು, ನೋಡಿದ್ದೀರಾ? ಗೋಡೆ ಎಬ್ಬಿಸುವಾಗಲೇ ಮರದ ತುಂಡನ್ನು ಒಳಗೆ ಆಳವಾಗಿ ಹುದುಗಿಸಿ, ಅದರ ಮೇಲೆ ಗೋಡೆಯ ಭಾರ ಹೇರಿದ್ದಾರೆ. ನಾವು ಈಗ ಹಾಗೆ ಮಾಡಲಾರೆವು. ನಾನು ಮಾಡುವುದು ಹೀಗೆ: ಕಪಾಟಿನ ಎರಡೂ ಬದಿಯ ಹಲಗೆಗಳನ್ನು ಕೆಳಕ್ಕೆ ಬೆಳೆಸಿ ಕಟ್ಟೆಯ ಮೇಲೆ ಊರಿಸುತ್ತೇನೆ. ಇಲ್ಲವೇ ನೆಲದಿಂದ ತೊಲೆಯವರೆಗೆ ಎರಡು ಕಂಬ ನಿಲ್ಲಿಸಿ, ಕಂಬಕ್ಕೆ ಕಪಾಟು ಕೂರಿಸುತ್ತೇನೆ. ಭಾರವೆಲ್ಲ ಕಟ್ಟೆಗೆ ಅಥವಾ ನೆಲಕ್ಕೆ ಹೋಗುತ್ತದೆ, ಮೇಲ್ಗಡೆ ತೊಲೆಗೆ ಕಟ್ಟಿದ ಪಟ್ಟಿ ಮುಂದಕ್ಕೆ ಮಗುಚದಂತೆ ಹಿಡಿಯುತ್ತದೆ. ಗೋಡೆಗೆ ಒಂದೂ ತೂತು ಬೇಡ. ಕಂಬದ ಬುಡ ನೆಲಕ್ಕೆ ತಾಗದಂತೆ ಕಲ್ಲಿನ ಬಿಲ್ಲೆ ಇಡಿ, ನಿಮ್ಮ ಕಡೆ ಒರಲೆ ಕಾಟ ಹೆಚ್ಚು.

ಶಿರಸಿ ಹಳೆಮನೆ

ಭಟ್ಟರೇ. ತಪ್ಪು ತಿಳಿಯಲಿಲ್ಲ. ಕಂಬದ ಉಪಾಯ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು, ಸೊಸೆಯೊಬ್ಬಳನ್ನು ಬಿಟ್ಟು.

ಕುಮಟೆಯ ಆಚಾರಿ

ಈಗ ಕಾರವಾರದ ಗೋಡೆಗೆ ಬರುತ್ತೇನೆ. ನನ್ನ ಕೈ ಪಳಗಿದ್ದು ಮರದ ಗೂಟದಲ್ಲಿ. ಹೊನ್ನೆಯದೋ ಸಾಗವಾನಿಯದೋ ಚೆನ್ನಾಗಿ ಒಣಗಿದ ಗೂಟ, ಕಲ್ಲಿನೊಳಗೆ ಮೂರು ಇಂಚು ಹೊಡೆದು, ಅದಕ್ಕೆ ಉದ್ದನೆಯ ತಿರುಪು. ಮೂವತ್ತು ವರ್ಷದ ಹಿಂದೆ ನಾನು ಕೂರಿಸಿದ್ದು ಇನ್ನೂ ಅಲ್ಲಾಡಿಲ್ಲ.

ನಿವೃತ್ತ ಓವರ್‌ಸಿಯರ್

ಅಲ್ಲಾಡದಿರುವುದನ್ನು ಮಾತ್ರ ನೀವು ನೋಡಿದ್ದೀರಿ, ಆಚಾರಿಯವರೇ. ಬಿದ್ದದ್ದಕ್ಕೆ ಗಿರಾಕಿ ಬೇರೆಯವರನ್ನು ಕರೆದಿರುತ್ತಾನೆ.

ಮರದ ಗೂಟ ಒಣಗೋಡೆಯಲ್ಲಿ ಸರಿ. ಮಳೆ ಹೊಡೆಯುವ ಹೊರಗೋಡೆಯಲ್ಲಿ ಗೂಟ ಜೂನಿನಲ್ಲಿ ಉಬ್ಬುತ್ತದೆ, ಮಾರ್ಚಿನಲ್ಲಿ ಕುಗ್ಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಕರಾವಳಿ ನಮ್ಮದು. ಪ್ರತಿ ವರ್ಷ ಹೀಗೆ ಉಸಿರಾಡಿದ ಗೂಟ ಕೊನೆಗೆ ಸಡಿಲವಾಗಲೇಬೇಕು.

ನನ್ನ ಮಾತು ಕೇಳುವುದಾದರೆ ಎರಡು ದಾರಿ. ಕಲ್ಲು ಗಟ್ಟಿ ಸಿಕ್ಕಲ್ಲಿ ಫ್ರೇಮ್ ಫಿಕ್ಸಿಂಗ್, ಅಂದರೆ ಉದ್ದನೆಯ ನೈಲಾನ್ ತೋಳಿನ ಜೊತೆ ಬರುವ ತಿರುಪು, 10×100ರದ್ದು (10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದ). ಉದ್ದದ ಲೆಕ್ಕ ಹೀಗೆ: ತೂಗುಪಟ್ಟಿ (ಕಪಾಟನ್ನು ತೂಗುಹಾಕಲು ಗೋಡೆಗೆ ಬಿಗಿಯುವ ಪಟ್ಟಿ) 18 ಮಿ.ಮೀ., ಗೋಡೆಯ ಡೊಂಕಿಗೆ ಕೊಡುವ ಪ್ಯಾಕಿಂಗ್ 9, ಪ್ಲಾಸ್ಟರ್ 15. ಇವು ಮೂರೂ ಸೇರಿ 42. ಉಳಿದ 58 ಮಿ.ಮೀ. ಮಾತ್ರ ಕಲ್ಲಿನೊಳಗೆ ಇರುವುದು. ಅಂಗಡಿಯಲ್ಲಿ ‘ಎರಡು ಇಂಚು ಸಾಕು ಸಾರ್’ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಪ್ಲಾಸ್ಟರ್ ಕೂಡ ಕಲ್ಲೇ. ಆ ಜಾಗದಲ್ಲಿ ಟೈಲ್ಸ್ ಇದ್ದರೆ ಅದರ ದಪ್ಪ ಮತ್ತು ಕೆಳಗಿನ ಗಾರೆಯನ್ನೂ ಕೂಡಿಸಿ.

ಬಿಲ ಸಿಕ್ಕಲ್ಲಿ ರಾಸಾಯನಿಕ ಆಂಕರ್. ಎರಡು ಪಾಕ ಬೆರೆತು ಗಟ್ಟಿಯಾಗುವ ಅಂಟು. ತೂತಿನಲ್ಲಿ ಜಾಲರಿಯ ತೋಳು ಇಟ್ಟು ಅಂಟು ತುಂಬಿ, ತಿರುಪಿನಂತೆ ಮರೆಯುಳ್ಳ ಸರಳನ್ನು ತಿರುಗಿಸುತ್ತ ಒತ್ತಬೇಕು. ತೂತನ್ನು ಊದಿ, ಬ್ರಶ್ ಹಾಕಿ, ಮತ್ತೆ ಊದಿ ಪುಡಿ ಪೂರ್ತಿ ತೆಗೆಯದಿದ್ದರೆ ಅಂಟು ಕಲ್ಲನ್ನು ಬಿಟ್ಟು ಪುಡಿಗೆ ಅಂಟಿಕೊಳ್ಳುತ್ತದೆ. ಕೊಳವೆಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ, ಭಾರ ಹಾಕಬೇಡಿ.

ಹಿಗ್ಗುವ ಕಬ್ಬಿಣದ ಬೋಲ್ಟ್ ಕಾಂಕ್ರೀಟಿಗೆ ಯೋಗ್ಯ. ಚಿರೆಕಲ್ಲಿನ ಅಂಚಿನ ಹತ್ತಿರ ಹಾಕಿ ಬಿಗಿದರೆ ಕಲ್ಲೇ ಸೀಳುತ್ತದೆ.

ಮಾಜಾಳಿ ಗಾಳಿ

ತುಕ್ಕಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮನೆ ಸಮುದ್ರಕ್ಕೆ ಎರಡು ತೆಂಗಿನ ತೋಟದಷ್ಟು ದೂರ. ಸತು ಲೇಪಿಸಿದ ಹೊಳೆಯುವ ತಿರುಪು ನಮ್ಮಲ್ಲಿ ಕೆಲವೇ ವರ್ಷಗಳಲ್ಲಿ ಕೆಂಪು ಕಣ್ಣೀರು ಸುರಿಸುತ್ತದೆ. ಬಿಜಾಗರಿಗಳದ್ದೂ ಅದೇ ಗತಿ. ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಮನೆಯೊಳಗೆ 304 ದರ್ಜೆ ಸಾಕು. ಕಿಟಕಿ ತೆರೆದರೆ ಉಪ್ಪುಗಾಳಿ ನೇರ ಹೊಡೆಯುವ ಮನೆಯಾದರೆ 316, ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಬೋಲ್ಟಿನ ತಲೆಯ ಮೇಲೆ ಎ2 ಎಂದಿದ್ದರೆ 304ರ ಜಾತಿ, ಎ4 ಎಂದಿದ್ದರೆ 316ರ ಜಾತಿ.

ಹಲಗೆಯೂ ಅಷ್ಟೇ. ಹೊಟ್ಟು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ನಮ್ಮ ಹವೆಗೆ ಅಲ್ಲ, ತೇವ ಹಿಡಿದು ಉಬ್ಬಿದ ಮೇಲೆ ತಿರುಪು ಅದರಲ್ಲಿ ನಿಲ್ಲುವುದಿಲ್ಲ. ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಮುದ್ರೆ ಇದ್ದರೆ ಅದು ನೀರು ತಡೆಯುವ ಮರೀನ್ ದರ್ಜೆ. ಐಎಸ್ 303ರಲ್ಲಿ ಎರಡು ಬಗೆ ಇವೆ, ಕೊಳ್ಳುವಾಗ ಬಿಡಬ್ಲ್ಯೂಆರ್ (ಕುದಿನೀರನ್ನೂ ತಡೆಯುವುದು) ಎಂದು ಬರೆದದ್ದನ್ನು ಕೇಳಿ, ಎಂಆರ್ (ಬರೀ ತೇವ ತಡೆಯುವುದು) ಬೇಡ. ಕತ್ತರಿಸಿದ ಅಂಚಿಗೆ, ಅದರಲ್ಲೂ ಗೋಡೆಯ ಕಡೆಯ ಅಂಚಿಗೆ, ಬಣ್ಣ ಹೊಡೆಯದೆ ಬಿಡಬೇಡಿ. ಯಾರಿಗೂ ಕಾಣದ ಅಂಚು ಅದು, ಬೂಸು ಮೊದಲು ಹುಟ್ಟುವುದೂ ಅಲ್ಲೇ.

ಕೋಡಿಬಾಗದವಳು

ಇಷ್ಟೆಲ್ಲ ಓದಿ ನಡುವಿನದನ್ನು ಮಾತ್ರವಲ್ಲ, ಮೂರನ್ನೂ ಇಳಿಸಿದೆವು. ಉಳಿದೆರಡರ ತಿರುಪುಗಳೂ ಪ್ಲಾಸ್ಟರಿನಲ್ಲೇ ಇದ್ದವು. ಒಂದರ ಬೆನ್ನಹಲಗೆಯ ಹಿಂದೆ ಕೈಯಗಲ ಬೂಸು. ಈಗ ಗೋಡೆ ಬೋಳಾಗಿದೆ. ಮಟ್ಟ ಹೇಗೆ ತೆಗೆಯುವುದು? ಮನೆಯಲ್ಲಿ ಒಂದು ಗೇಣುದ್ದದ ರಸಮಟ್ಟ ಇದೆ.

ನಿವೃತ್ತ ಓವರ್‌ಸಿಯರ್

ಮೊದಲು ಆ ರಸಮಟ್ಟವನ್ನೇ ಪರೀಕ್ಷಿಸಿ. ಕಟ್ಟೆಯ ಮೇಲೆ ಇಟ್ಟು ಗುಳ್ಳೆ ಎಲ್ಲಿದೆ ನೋಡಿ, ನಂತರ ಅದೇ ಜಾಗದಲ್ಲಿ ತುದಿ ಬದಲಿಸಿ ಇಡಿ. ಗುಳ್ಳೆ ಎರಡೂ ಸಲ ಒಂದೇ ದಿಕ್ಕಿಗೆ ಅಷ್ಟೇ ಸರಿದರೆ ಕಟ್ಟೆ ಡೊಂಕು, ರಸಮಟ್ಟ ಸರಿ. ಬೇರೆ ಬೇರೆ ತೋರಿಸಿದರೆ ರಸಮಟ್ಟವನ್ನು ಮಕ್ಕಳಿಗೆ ಆಡಲು ಕೊಡಿ.

ಸರಿಯಿದ್ದರೂ ಒಂಬತ್ತು ಅಡಿಯ ಸಾಲಿಗೆ ಗೇಣುದ್ದದ್ದು ಸಾಲದು. ಸಣ್ಣ ತಪ್ಪು ಪ್ರತಿ ಹೆಜ್ಜೆಗೂ ಕೂಡುತ್ತ ಹೋಗುತ್ತದೆ. ಪರಿಚಯದ ಗವಂಡಿಯಿಂದ ನೀರಿನ ಪೈಪು ತನ್ನಿ. ಪಾರದರ್ಶಕ ಪೈಪು, ಒಳಗೆ ನೀರು, ನಾಲ್ಕು ಹನಿ ಶಾಯಿ ಹಾಕಿದರೆ ಕಾಣಲು ಸುಲಭ. ನೋಡಬೇಕಾದ್ದು ಎರಡೇ: ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿರಬಾರದು, ಓದುವಾಗ ಎರಡೂ ತುದಿಯಿಂದ ಹೆಬ್ಬೆರಳು ತೆಗೆದಿರಬೇಕು. ಒಂದು ತುದಿ ಮುಚ್ಚಿದ್ದರೆ ನೀರು ಸುಳ್ಳು ಹೇಳುತ್ತದೆ. ಲೇಸರ್ ಯಂತ್ರ ಬಾಡಿಗೆಗೆ ಸಿಕ್ಕರೆ ಅದೂ ಆಗಬಹುದು. ನನಗೆ ನೀರೇ ಇಷ್ಟ, ಅದಕ್ಕೆ ಬ್ಯಾಟರಿ ಬೇಡ.

ನಿಮ್ಮ ಮೊದಲ ಒಗಟಿಗೂ ಉತ್ತರ ಇಲ್ಲೇ ಇದೆ. ಹಿಂದಿನವರು ಕಟ್ಟೆಯಿಂದ ಅಳೆದು ಕೂರಿಸಿದ್ದಾರೆ. ಕಟ್ಟೆ ಸಿಂಕಿನ ಕಡೆಗೆ ಇಳಿಜಾರು ಇದ್ದರೆ ಕಪಾಟೂ ಅದರ ಜೊತೆ ಇಳಿಯುತ್ತದೆ.

ಕುಮಟೆಯ ಆಚಾರಿ

ಓವರ್‌ಸಿಯರ್ ಸಾಹೇಬರ ಗೂಟದ ಮಾತು ನಾನು ಮರೆತಿಲ್ಲ, ಆದರೂ ಇದು ಸರಿ. ನಾನು ಮುಂದುವರಿಸುತ್ತೇನೆ.

ಕಟ್ಟೆಯ ಅತಿ ಎತ್ತರದ ಜಾಗ ಹುಡುಕಿ ಅಲ್ಲಿಂದ ಎರಡು ಅಡಿ ಮೇಲೆ ಗುರುತು ಹಾಕು. ಆ ಗುರುತನ್ನು ನೀರಿನ ಪೈಪಿನಿಂದ ಇನ್ನೊಂದು ತುದಿಗೆ ಒಯ್ದು, ದಾರಕ್ಕೆ ಬಣ್ಣದ ಪುಡಿ ಸವರಿ ನೂಲು ಹೊಡೆ. ಅದು ಕಪಾಟಿನ ತಳದ ಗೆರೆ. ಗೆರೆಯ ಕೆಳಗೆ ನೇರವಾದ ಒಂದು ರೀಪನ್ನು ತಾತ್ಕಾಲಿಕವಾಗಿ ಗೋಡೆಗೆ ಬಿಗಿ. ಕಪಾಟು ಅದರ ಮೇಲೆ ಕುಳಿತಿರುತ್ತದೆ, ಹಿಡಿದು ನಿಲ್ಲುವವನ ಭುಜ ಉಳಿಯುತ್ತದೆ, ಗಂಡಹೆಂಡಿರ ಜಗಳವೂ ತಪ್ಪುತ್ತದೆ.

ಮೇಲ್ಗಡೆ ತೂಗುಪಟ್ಟಿಯಾಗಿ ಓರೆಪಟ್ಟಿ ಹಾಕು. 18 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿದರೆ ಎರಡು ತುಂಡು. ಒಂದು ಗೋಡೆಗೆ, ಓರೆ ಮೇಲ್ಮುಖವಾಗಿ ಗೋಡೆಯ ಕಡೆಗೆ ಇಳಿದಿರಬೇಕು. ಇನ್ನೊಂದು ಕಪಾಟಿನ ಬೆನ್ನಿಗೆ, ತಲೆಕೆಳಗಾಗಿ. ಒಂದರ ಮೇಲೊಂದು ಕೂತರೆ ಭಾರ ಹೆಚ್ಚಿದಷ್ಟೂ ಕಪಾಟು ಗೋಡೆಯ ಕಡೆಗೇ ಸರಿಯುತ್ತದೆ. ಕಪಾಟಿನ ಕಡೆಯ ಪಟ್ಟಿಯನ್ನು 6 ಮಿ.ಮೀ. ಬೆನ್ನಹಲಗೆಗೆ ಮಾತ್ರ ಹೊಡೆಯಬೇಡ, ಬದಿಯ ಹಲಗೆ ಮತ್ತು ಮೇಲ್ಹಲಗೆಗೂ ತಿರುಪು ಹೋಗಬೇಕು. ತಳದಲ್ಲೂ ಅಷ್ಟೇ ದಪ್ಪದ ಪಟ್ಟಿ ಹಾಕಿದರೆ ಹಿಂದೆ ಗಾಳಿಯಾಡಲು ಜಾಗ ಉಳಿಯುತ್ತದೆ, ಆ ಬೂಸಿಗೆ ಅದೇ ಮದ್ದು.

ಗೋಡೆ ಎಲ್ಲೆಲ್ಲಿ ಒಳಗಿದೆಯೋ ಅಲ್ಲಿ ಪಟ್ಟಿಯ ಹಿಂದೆ ಪ್ಯಾಕಿಂಗ್ ಕೊಡು. ಲ್ಯಾಮಿನೇಟಿನ ಚೂರು ಒಳ್ಳೆಯದು, ರಟ್ಟು ಬೇಡ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದರ ಸಾಲಿನಲ್ಲಿ ಅಡ್ಡಕ್ಕೂ ಕೊರೆಯಬೇಡ, ವೈರು ಅಲ್ಲೇ ಹೋಗಿರುತ್ತದೆ. ಕೊರೆಯುವಾಗ ಆ ಕೋಣೆಯ ಎಂಸಿಬಿ ಇಳಿಸಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ವೈರು ಎಳೆದುಕೊಳ್ಳಿ.

ಕೋಡಿಬಾಗದವಳು

ಹತ್ತು ದಿನವಾಯಿತು, ವರದಿ ಒಪ್ಪಿಸುತ್ತಿದ್ದೇನೆ.

ನೀರಿನ ಪೈಪು ಹಿಡಿದಾಗ ಗೊತ್ತಾಯಿತು, ಕಟ್ಟೆ ಒಂಬತ್ತು ಅಡಿಯಲ್ಲಿ 14 ಮಿ.ಮೀ. ಸಿಂಕಿನ ಕಡೆಗೆ ಇಳಿದಿದೆ. ಕಣ್ಣು ಸರಿಯಾಗಿಯೇ ನೋಡಿತ್ತು. ಗೋಡೆಯೂ ನಡುವೆ ಒಳಕ್ಕೆ ಹೋಗಿದೆ, ದಾರ ಕಟ್ಟಿ ನೋಡಿದರೆ 9 ಮಿ.ಮೀ. (ಓವರ್‌ಸಿಯರ್ ಸಾಹೇಬರು ಲೆಕ್ಕದಲ್ಲಿ ಅಷ್ಟೇ ಬರೆದಿದ್ದರು, ನಮ್ಮ ಮನೆಗೆ ಬಂದು ಹೋಗಿದ್ದೀರಾ?)

ಓರೆಪಟ್ಟಿಗೆ ಕಪಾಟಿಗೆ ಮೂರರಂತೆ ಒಂಬತ್ತು ತೂತು. ಏಳರಲ್ಲಿ ಕೆಂಪು ಪುಡಿ ಚೆನ್ನಾಗಿ ಬಂತು, ಫ್ರೇಮ್ ಫಿಕ್ಸಿಂಗ್ ಬಿಗಿಯಾಯಿತು. ಒಂದರಲ್ಲಿ ಡ್ರಿಲ್ ಇದ್ದಕ್ಕಿದ್ದಂತೆ ಒಳಕ್ಕೆ ನುಗ್ಗಿತು, ಬಿಲ. ಇನ್ನೊಂದು ಎರಡು ಕಲ್ಲುಗಳ ನಡುವಿನ ಸಂದಿಗೆ ಸರಿಯಾಗಿ ಬಿತ್ತು, ಮರಳು ಸುರಿಯಿತು. ಸಂದಿಯದನ್ನು ಬಿಟ್ಟು ನಾಲ್ಕು ಬೆರಳು ಪಕ್ಕಕ್ಕೆ ಕೊರೆದೆವು. ಬಿಲಕ್ಕೆ ಜಾಲರಿ ಮತ್ತು ಅಂಟು. ತಮ್ಮ ಊದುವಾಗ ಕಣ್ಣಿಗೆ ಪುಡಿ ಹಾಕಿಕೊಂಡ, ಕನ್ನಡಕ ಹಾಕು ಎಂದು ಮೂರು ಸಲ ಹೇಳಿದ್ದೆ.

ಕಪಾಟುಗಳನ್ನು ಕೂರಿಸಿ, ಮುಂದಿನ ಅಂಚುಗಳನ್ನು ಕ್ಲ್ಯಾಂಪಿನಿಂದ ಒಂದಕ್ಕೊಂದು ಹಿಡಿಸಿ, ಮಟ್ಟ ನೋಡಿ, ಆಮೇಲೆ ಅಕ್ಕಪಕ್ಕದ ಹಲಗೆಗಳನ್ನು ಜೋಡಿಸಿದೆವು. ಬಾಗಿಲು ಅರ್ಧ ತೆರೆದು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಬಿಜಾಗರಿ ಮುಟ್ಟಲೇ ಇಲ್ಲ.

ಒಂದೇ ಕೊರತೆ. ಈಗ ಕಪಾಟು ಮಟ್ಟದಲ್ಲಿದೆ, ಕಟ್ಟೆ ಇಲ್ಲ. ಗೋಡೆಯ ಟೈಲ್ಸಿನ ಸಾಲು ಕಟ್ಟೆಯ ಜೊತೆ ಇಳಿದಿರುವುದರಿಂದ ಕಪಾಟಿನ ಕೆಳಗೆ ಟೈಲ್ಸಿನ ಅಂಚು ಓರೆಯಾಗಿ ಕಾಣುತ್ತಿದೆ.

ನಿವೃತ್ತ ಓವರ್‌ಸಿಯರ್

ಕಪಾಟನ್ನು ಟೈಲ್ಸಿಗೆ ಹೊಂದಿಸಲು ಹೋಗಬೇಡಿ, ಮತ್ತೆ ಬಾಗಿಲು ತೆರೆದುಕೊಳ್ಳುತ್ತದೆ. ಕಪಾಟಿನ ಮುಂದಿನ ಅಂಚಿಗೆ ಕೆಳಕ್ಕೆ ಎರಡು ಇಂಚಿನ ಪಟ್ಟಿ ಹೊಡೆಯಿರಿ. ಅದರ ಹಿಂದೆ ಟೈಲ್ಸಿನ ಅಂಚು ಮರೆಯಾಗುತ್ತದೆ, ಬೇಕಾದರೆ ದೀಪವನ್ನೂ ಅಡಗಿಸಬಹುದು. 9 ಮಿ.ಮೀ. ಕಾಕತಾಳೀಯ, ನಿಮ್ಮ ಮನೆಗೆ ನಾನು ಬಂದಿಲ್ಲ.

ಕುಮಟೆಯ ಆಚಾರಿ

ಪಟ್ಟಿಗೆ ನನ್ನ ಹತ್ತಿರ ಹೊನ್ನೆಯ ತುಂಡು ಇದೆ. ಗೂಟಕ್ಕೆಂದು ಇಟ್ಟಿದ್ದೆ, ಈಗ ಗಿರಾಕಿ ಇಲ್ಲ. ಕುಮಟೆಗೆ ಬಂದರೆ ಒಯ್ಯಬಹುದು.

ಮಾಜಾಳಿ ಗಾಳಿ

ಭರಣಿ ಎಲ್ಲಿದೆ ಈಗ?

ಕೋಡಿಬಾಗದವಳು

ನಿನ್ನೆ ಸಂಜೆಯವರೆಗೆ ಕಟ್ಟೆಯ ಕೆಳಗಿತ್ತು. ಇವತ್ತು ಬೆಳಿಗ್ಗೆ ನೋಡುತ್ತೇನೆ, ಎರಡೂ ಮೇಲಿವೆ. ಆಯಿ ತಾನೇ ಸ್ಟೂಲು ಹತ್ತಿ ಇಟ್ಟಿದ್ದಾಳೆ. ಸದ್ಯಕ್ಕೆ ಬಿಲ ಸಿಕ್ಕಿದ ಕಪಾಟಿನಿಂದ ತೆಗೆದು ಪಕ್ಕದ ಕಪಾಟಿನ ಮೂಲೆಗೆ, ಗಟ್ಟಿ ಕಲ್ಲಿನ ಕಡೆಗೆ ಸರಿಸಿದ್ದೇನೆ. ಅಂಟಿನ ಕೊಳವೆಯಲ್ಲಿ ಅರ್ಧ ಉಳಿದಿದೆ, ಮೂತಿ ಗಟ್ಟಿಯಾಗುವ ಮೊದಲು ಹತ್ತಿರದವರಿಗೆ ಬೇಕಿದ್ದರೆ ತಿಳಿಸಿ.